ಕಾಲಿನಲ್ಲಿ ಉಬ್ಬಿರುವುದು ‘ನರ’ ಅಲ್ಲ: ವೆರಿಕೋಸ್ ವೇನ್ಸ್ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ಕಾಲಿನ ಮೇಲೆ ಹಾವಿನಂತೆ ಸುತ್ತಿಕೊಂಡ ನೀಲಿ ಗೆರೆಗಳ ಫೋಟೊ. ಅದರ ಕೆಳಗೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಚ್ಚಿದರೆ ಕೆಲವೇ ದಿನಗಳಲ್ಲಿ ‘ನರಗಳ ಉಬ್ಬು’ ಮಾಯವಾಗುತ್ತದೆ ಎಂಬ ಭರವಸೆ. ಕೊನೆಯಲ್ಲಿ, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂಬ ಕೋರಿಕೆ. ಈ ಬಗೆಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಎಣ್ಣೆಯ ಬದಲು ಆಪಲ್ ಸೈಡರ್ ವಿನೆಗರ್ ಇರಬಹುದು, ಟೊಮೆಟೊ ಇರಬಹುದು, ಜಿಗಣೆ ಇರಬಹುದು. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ.

ಎಣ್ಣೆ ಹಚ್ಚಿದರೆ ನಷ್ಟವೇನು ಎಂದು ಕೇಳಬಹುದು. ಎಣ್ಣೆಯಿಂದ ದೊಡ್ಡ ನಷ್ಟವಿಲ್ಲ. ನಷ್ಟ ಆಗುವುದು ಕಳೆದುಹೋಗುವ ಸಮಯದಿಂದ. ಈ ತೊಂದರೆ ಕೆಲವರಲ್ಲಿ ವರ್ಷಗಳ ಕಾಲ ನಿಧಾನವಾಗಿ ಬೆಳೆದು, ಕೊನೆಗೆ ಪಾದದ ಗಂಟಿನ ಬಳಿ ಮಾಯದ ಹುಣ್ಣಾಗಿ ನಿಲ್ಲುತ್ತದೆ. ಅಲ್ಲಿಗೆ ತಲುಪುವ ಮೊದಲು ಕಾಲು ಹಲವು ಸೂಚನೆ ಕೊಡುತ್ತದೆ. ಅವನ್ನು ಓದಲು ಕಲಿಯುವುದು ಹೇಗೆ, ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲ ಗೊಂದಲ: ನರವೋ, ರಕ್ತನಾಳವೋ?

ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಡ್ರಿಪ್ ಹಾಕುವಾಗ ‘ನರ ಸಿಗ್ತಿಲ್ಲ’ ಎನ್ನುತ್ತಾರೆ, ಅಲ್ಲಿ ನರ ಎಂದರೆ ರಕ್ತನಾಳ. ಸೊಂಟ ನೋವು ಬಂದಾಗ ‘ನರ ಹಿಡ್ಕೊಂಡಿದೆ’ ಎನ್ನುತ್ತೇವೆ, ಅಲ್ಲಿ ನರ ಎಂದರೆ ಮಿದುಳಿನ ಸಂದೇಶ ಒಯ್ಯುವ ತಂತು. ಇವೆರಡೂ ಬೇರೆ ಬೇರೆ ವ್ಯವಸ್ಥೆಗಳು.

ಕಾಲಿನಲ್ಲಿ ಉಬ್ಬಿ ಕಾಣುವುದು ರಕ್ತನಾಳ. ಅದರಲ್ಲೂ, ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ರಕ್ತನಾಳ. ಶಾಲೆಯಲ್ಲಿ ಇದನ್ನು ಅಭಿಧಮನಿ ಎಂದು ಓದಿರುತ್ತೀರಿ. ಹೃದಯದಿಂದ ರಕ್ತ ತರುವುದು ಅಪಧಮನಿ.

ಪದದ ಈ ಗೊಂದಲ ಬರೀ ವ್ಯಾಕರಣದ ವಿಷಯವಲ್ಲ. ‘ನರ ಉಬ್ಬಿದೆ’ ಎಂದುಕೊಂಡವರು ‘ನರದ ಮಾತ್ರೆ’ ಹುಡುಕುತ್ತಾರೆ, ನರದೌರ್ಬಲ್ಯದ ಟಾನಿಕ್ ಕುಡಿಯುತ್ತಾರೆ, ವಿಟಮಿನ್ ಬಿ12 ನುಂಗುತ್ತಾರೆ. ಬಿ12 ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ಆದರೆ ಉಬ್ಬಿದ ರಕ್ತನಾಳವನ್ನು ಅದು ಸರಿಪಡಿಸುವುದಿಲ್ಲ. ತೊಂದರೆ ಯಾವುದೆಂದು ತಪ್ಪಾಗಿ ಕರೆದರೆ ಔಷಧವನ್ನೂ ತಪ್ಪಾಗಿಯೇ ಹುಡುಕುತ್ತೇವೆ.

ಕಾಲಿನ ರಕ್ತ ಮೇಲೆ ಹತ್ತುವುದು ಹೇಗೆ?

ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತು. ಪೈಪಿನ ತಳದಲ್ಲಿ ಇರುವ ಈ ಬಾಗಿಲು ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದು ಸವೆದರೆ ಮೋಟಾರ್ ನಿಲ್ಲಿಸಿದ ಕೂಡಲೇ ನೀರು ಬಾವಿಗೆ ಜಾರುತ್ತದೆ.

ಕಾಲಿನ ಅಭಿಧಮನಿಗಳ ಒಳಗೂ ಇಂಥ ಬಾಗಿಲುಗಳಿವೆ, ಒಂದಲ್ಲ, ಉದ್ದಕ್ಕೂ ಹಲವು. ಇವು ಕವಾಟಗಳು. ಇಲ್ಲಿ ಮೋಟಾರಿನ ಕೆಲಸ ಮಾಡುವುದು ಮುಖ್ಯವಾಗಿ ಮೀನಖಂಡದ ಸ್ನಾಯು. ನಡೆಯುವಾಗ ಪ್ರತಿ ಹೆಜ್ಜೆಗೂ ಅದು ಬಿಗಿಯಾಗಿ ಒಳಗಿನ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಸ್ನಾಯು ಸಡಿಲವಾದಾಗ ರಕ್ತ ಕೆಳಗೆ ಜಾರದಂತೆ ಕವಾಟ ಮುಚ್ಚಿಕೊಳ್ಳುತ್ತದೆ.

ಈ ವ್ಯವಸ್ಥೆಯ ಶಕ್ತಿ ಎಷ್ಟೆಂದು ಒಂದು ಲೆಕ್ಕದಲ್ಲಿ ನೋಡಿ. ಅಲ್ಲಾಡದೆ ನಿಂತವರ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 80ರಿಂದ 90 ಮಿ.ಮೀ. ಪಾದರಸ (ಬಿಪಿ ಅಳೆಯುವ ಅದೇ ಅಳತೆ). ಆರೋಗ್ಯವಂತರು ನಡೆಯಲು ಶುರು ಮಾಡಿದರೆ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಕವಾಟ ಸೋರುವವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ದಿನವಿಡೀ ಆ ಒತ್ತಡ ಹೊತ್ತ ರಕ್ತನಾಳ ಹಿಗ್ಗುತ್ತದೆ, ಹಿಗ್ಗಿದಾಗ ಕವಾಟದ ಎರಡು ಎಸಳುಗಳ ನಡುವೆ ಅಂತರ ಹೆಚ್ಚುತ್ತದೆ, ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ. ಉಬ್ಬಿ ಸುರುಳಿ ಸುತ್ತಿಕೊಂಡ ಈ ರಕ್ತನಾಳಗಳೇ ವೆರಿಕೋಸ್ ವೇನ್ಸ್.

ಕವಾಟಗಳು ಇರುವುದನ್ನು ನಿಮ್ಮ ಕೈಯಲ್ಲೇ ನೋಡಬಹುದು. ಕೈ ಕೆಳಗೆ ಬಿಟ್ಟು, ಮುಂಗೈಯಲ್ಲಿ ಉಬ್ಬಿ ಕಾಣುವ ಒಂದು ರಕ್ತನಾಳದ ಕೆಳತುದಿಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅದರಲ್ಲಿನ ರಕ್ತವನ್ನು ಮೇಲಕ್ಕೆ ಸವರಿ, ಆ ಬೆರಳು ತೆಗೆಯಿರಿ. ನಡುವೆ ಕವಾಟವಿದ್ದರೆ ಅದರ ಕೆಳಗಿನ ತುಂಡು ಖಾಲಿಯಾಗಿಯೇ ಉಳಿಯುತ್ತದೆ. ಕೆಳಗಿನ ಬೆರಳು ತೆಗೆದಾಗ ಮಾತ್ರ ತುಂಬುತ್ತದೆ. ಪಾದುವಾ ವಿಶ್ವವಿದ್ಯಾಲಯದ ಫ್ಯಾಬ್ರಿಷಿಯಸ್ 1603ರಲ್ಲಿ ಈ ಕವಾಟಗಳ ಬಗ್ಗೆ ಬರೆದಿದ್ದರು. ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ, ಹೆಚ್ಚುಕಡಿಮೆ ಇದೇ ಪ್ರಯೋಗ ತೋರಿಸಿ, ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ವಾದಿಸಿದರು.

ಇಷ್ಟು ಅರ್ಥವಾದರೆ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಫುಟ್‌ವಾಲ್ವ್ ಸೋರುತ್ತಿರುವಾಗ ಪೈಪಿನ ಹೊರಗೆ ಎಣ್ಣೆ ಹಚ್ಚಿದರೆ ನೀರು ನಿಲ್ಲುತ್ತದೆಯೇ? ಕಾಲಿನ ಯಾವುದೇ ‘ಮನೆಮದ್ದಿ’ಗೂ ಈ ಪ್ರಶ್ನೆ ಹಾಕಿ ನೋಡಿ.

ಕಾಲು ಕೊಡುವ ಸೂಚನೆಗಳು

ಈ ತೊಂದರೆಯನ್ನು ವೈದ್ಯರು 0ಯಿಂದ 6ರವರೆಗೆ ಅಂಕ ಕೊಟ್ಟು ಗುರುತಿಸುತ್ತಾರೆ. 1994ರಲ್ಲಿ ರೂಪಿಸಿದ, 2004 ಮತ್ತು 2020ರಲ್ಲಿ ಪರಿಷ್ಕರಿಸಿದ ಈ ಪದ್ಧತಿಗೆ ‘ಸೀಪ್’ ಎಂಬ ಹೆಸರಿದೆ. ಸರಳವಾಗಿ ಹೇಳುವುದಾದರೆ:

- 0: ಹೊರಗೆ ಏನೂ ಕಾಣುವುದಿಲ್ಲ. ಸಂಜೆ ಹೊತ್ತಿಗೆ ಕಾಲು ಭಾರ, ಜೋಮು, ಸೆಳೆತ ಇರಬಹುದು.
- 1: ಚರ್ಮದಲ್ಲಿ ಜೇಡರ ಬಲೆಯಂಥ ಕೆಂಪು ಅಥವಾ ನೀಲಿ ಎಳೆಗಳು.
- 2: ನಿಂತಾಗ ಉಬ್ಬಿ ಕಾಣುವ, ಸುರುಳಿ ಸುತ್ತಿದ ರಕ್ತನಾಳಗಳು.
- 3: ಪಾದದ ಗಂಟಿನ ಸುತ್ತ ಊತ. ಸಂಜೆ ಹೆಚ್ಚು, ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಕಡಿಮೆ.
- 4: ಪಾದದ ಗಂಟಿನ ಮೇಲಿನ ಚರ್ಮ ಕಂದು ಅಥವಾ ಕಪ್ಪಾಗುತ್ತದೆ, ತುರಿಸುತ್ತದೆ, ಗಟ್ಟಿಯಾಗುತ್ತದೆ.
- 5: ಹುಣ್ಣಾಗಿ ಮಾಯ್ದ ಗುರುತು.
- 6: ಮಾಯದೆ ಉಳಿದ ಹುಣ್ಣು.

ಎಲ್ಲರೂ ಈ ಮೆಟ್ಟಿಲುಗಳನ್ನು ಹತ್ತುವುದಿಲ್ಲ. ಎರಡನೆಯದರಲ್ಲೇ ಜೀವನಪೂರ್ತಿ ಆರಾಮಾಗಿ ಇರುವವರು ತುಂಬಾ ಜನ. ಹಾಗಾಗಿ ಕಾಲಿನಲ್ಲಿ ನೀಲಿ ಗೆರೆ ಕಂಡ ಕೂಡಲೇ ಹೆದರಬೇಕಿಲ್ಲ.

ಆದರೆ ನಾಲ್ಕನೆಯದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ನಾವು ಹೆಚ್ಚು ತಪ್ಪುವುದು ಇಲ್ಲಿಯೇ. ಒತ್ತಡ ತಾಳದೆ ಸಣ್ಣ ರಕ್ತನಾಳಗಳಿಂದ ಕೆಂಪು ರಕ್ತಕಣಗಳು ಹೊರಗೆ ಸೋರುತ್ತವೆ. ಅವುಗಳಲ್ಲಿರುವ ಕಬ್ಬಿಣದ ಅಂಶ ಚರ್ಮದಲ್ಲಿ ಉಳಿದು ಕಂದು ಬಣ್ಣ ಬರುತ್ತದೆ. ಜೊತೆಗೆ ತುರಿಕೆ. ಮನೆಯಲ್ಲಿ ಇದನ್ನು ಗಜಕರ್ಣ ಎಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚುತ್ತಾರೆ, ವಯಸ್ಸಾಯಿತು ಎಂದು ಬಿಡುತ್ತಾರೆ, ಸಕ್ಕರೆ ಕಾಯಿಲೆಯ ಮೇಲೆ ಹಾಕುತ್ತಾರೆ. ಪಾದದ ಗಂಟಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿ, ತುರಿಕೆ ಬಂದು ಹೋಗುತ್ತಿದ್ದರೆ, ನಿಂತಾಗ ಆ ಕಾಲಿನಲ್ಲಿ ಉಬ್ಬಿದ ರಕ್ತನಾಳ ಇದೆಯೇ ನೋಡಿ. ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ. ದಪ್ಪಗಿರುವವರಲ್ಲಿ ರಕ್ತನಾಳ ಹೊರಗೆ ಕಾಣದೆಯೂ ಇರಬಹುದು.

ಎಲ್ಲ ಊತವೂ ಇದಲ್ಲ

ಎರಡೂ ಕಾಲು ಒಟ್ಟಿಗೆ ಊದಿದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಇದೆಯೇ ಎಂದು ಮೊದಲು ನೋಡಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಹಲವರಿಗೆ ಪಾದ ಊದುತ್ತದೆ. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಆನೆಕಾಲು ರೋಗದ ಪರಿಚಯವಿದೆ. ಆನೆಕಾಲಿನಲ್ಲಿ ಸಾಮಾನ್ಯವಾಗಿ ಪಾದದ ಮೇಲ್ಭಾಗ ಮತ್ತು ಬೆರಳುಗಳೂ ಊದುತ್ತವೆ, ಊತ ಹಳೆಯದಾದ ಮೇಲೆ ಬೆಳಿಗ್ಗೆಯೂ ಇಳಿಯುವುದಿಲ್ಲ. ರಕ್ತನಾಳದ ಊತ ಹೆಚ್ಚಾಗಿ ಪಾದದ ಗಂಟಿನ ಸುತ್ತ ಇದ್ದು, ಮಲಗಿದರೆ ಇಳಿಯುತ್ತದೆ.

ಒಂದೇ ಕಾಲು ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಿದ್ದು, ಮುಟ್ಟಿದರೆ ಬಿಸಿ ಎನಿಸಿದರೆ ಅದು ತುರ್ತು. ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದಕ್ಕೆ ಡಿವಿಟಿ ಎನ್ನುತ್ತಾರೆ. ಆಪರೇಷನ್ ಆದವರಲ್ಲಿ, ಬಾಣಂತಿಯರಲ್ಲಿ, ಹಲವು ದಿನ ಹಾಸಿಗೆ ಹಿಡಿದವರಲ್ಲಿ ಇದರ ಅಪಾಯ ಹೆಚ್ಚು. ಇಂಥ ಕಾಲನ್ನು ತಿಕ್ಕಬೇಡಿ, ಮಾಲೀಶು ಮಾಡಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಜೊತೆಗೆ ಉಸಿರುಗಟ್ಟಿದಂತಾದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಯಾರಿಗೆ ಬರುತ್ತದೆ? ಕುರ್ಚಿಯ ಪ್ರಶ್ನೆ

ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ವಯಸ್ಸು, ಬಸಿರು, ತೂಕ ಇವೂ ಕಾರಣ. ಬಸಿರಿನಲ್ಲಿ ಕಾಣಿಸಿಕೊಂಡ ಉಬ್ಬು ಎಷ್ಟೋ ಜನರಲ್ಲಿ ಹೆರಿಗೆಯಾದ ಕೆಲ ತಿಂಗಳಲ್ಲಿ ಇಳಿಯುತ್ತದೆ.

ಇದು ಹೆಂಗಸರ ಕಾಯಿಲೆ ಎಂಬ ಮಾತಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 18ರಿಂದ 64 ವರ್ಷದ 1,566 ಜನರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯ ರಕ್ತನಾಳಗಳ ವೆರಿಕೋಸ್ ಉಬ್ಬು ಗಂಡಸರಲ್ಲಿ ಶೇ 40, ಹೆಂಗಸರಲ್ಲಿ ಶೇ 32ರಷ್ಟು ಕಂಡುಬಂದಿತ್ತು. ಅದು ಅಲ್ಲಿನ ಲೆಕ್ಕ, ನಮ್ಮಲ್ಲಿ ಅಷ್ಟೇ ಎನ್ನಲಾಗದು. ಆದರೆ ಗಂಡಸರಿಗೆ ಬರುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಇನ್ನೊಂದು ಕಾರಣ, ಅಲ್ಲಾಡದೆ ಬಹಳ ಹೊತ್ತು ನಿಲ್ಲುವುದು. ಟ್ರಾಫಿಕ್ ಪೊಲೀಸರು, ಕಂಡಕ್ಟರ್‌ಗಳು, ದರ್ಶಿನಿಯ ದೋಸೆ ಕಲ್ಲಿನ ಮುಂದೆ ನಿಲ್ಲುವವರು, ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮತ್ತು ಚೆಕಿಂಗ್ ಮಾಡುವವರು, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ಮೇಷ್ಟ್ರುಗಳು. ಇವರಿಗೆ ‘ಹೆಚ್ಚು ಹೊತ್ತು ನಿಲ್ಲಬೇಡಿ’ ಎಂದು ಫಾರ್ವರ್ಡ್ ಕಳಿಸಿ ಏನು ಪ್ರಯೋಜನ? ಕೂರಲು ಕುರ್ಚಿ ಕೊಡುವುದು ಮಾಲೀಕರ ಕೈಯಲ್ಲಿದೆ.

ಈ ಪ್ರಶ್ನೆಯನ್ನು ಪಕ್ಕದ ಕೇರಳದ ಅಂಗಡಿ ಕೆಲಸದ ಹೆಂಗಸರು ಗಟ್ಟಿಯಾಗಿ ಕೇಳಿದರು. ಕಲ್ಲಿಕೋಟೆಯಲ್ಲಿ ಟೈಲರಿಂಗ್ ಮಾಡುತ್ತಿದ್ದ ಪಿ. ವಿಜಿ ಅವರ ಮುಂದಾಳತ್ವದಲ್ಲಿ ಶೌಚಾಲಯಕ್ಕಾಗಿ, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು. ದಿನವಿಡೀ ನಿಂತು ಬರುವ ಕಾಲು ನೋವು, ವೆರಿಕೋಸ್ ವೇನ್ಸ್ ಅವರ ದೂರುಗಳಲ್ಲಿ ಸೇರಿದ್ದವು. 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಕೂಡ ಹಾಗೆ ಮಾಡಿತು. ಕಾರ್ಖಾನೆಗಳ ಮಟ್ಟಿಗೆ ಇದು ಹೊಸದೂ ಅಲ್ಲ. ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಸೆಕ್ಷನ್ನಿನಲ್ಲೇ ಬರೆದಿತ್ತು.

ಫಾರ್ವರ್ಡ್‌ಗಳ ಪರಿಶೀಲನೆ

‘ಎಣ್ಣೆ, ವಿನೆಗರ್, ಟೊಮೆಟೊ ಹಚ್ಚಿದರೆ ಉಬ್ಬು ಮಾಯ’: ಸುಳ್ಳು. ಚರ್ಮದ ಮೇಲೆ ಹಚ್ಚಿದ ಯಾವುದೂ ಒಳಗಿನ ಕವಾಟವನ್ನು ರಿಪೇರಿ ಮಾಡುವುದಿಲ್ಲ. ಒಣಗಿದ ಚರ್ಮ ಬಿರಿಯದಂತೆ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿಕೊಳ್ಳುವುದು ಒಳ್ಳೆಯದೇ, ಅದರ ಲಾಭ ಅಷ್ಟಕ್ಕೇ. ವಿನೆಗರ್ ಮತ್ತು ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡಬಹುದು. ಮೊದಲೇ ತೆಳುವಾದ ಚರ್ಮಕ್ಕೆ ಅದು ಹುಣ್ಣಿನ ಆರಂಭವಾಗಬಹುದು.

‘ಫೋಟೊ ನೋಡಿ, ಮೊದಲು ಮತ್ತು ಆಮೇಲೆ’: ಇಂಥ ಫೋಟೊದಲ್ಲಿ ಆ ವ್ಯಕ್ತಿ ನಿಂತಿದ್ದಾರೋ ಮಲಗಿದ್ದಾರೋ ನೋಡಿ. ಎಷ್ಟೇ ಉಬ್ಬಿದ ರಕ್ತನಾಳವೂ ಮಲಗಿ ಕಾಲು ಎತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಖಾಲಿಯಾಗಿ ಕಾಣದಂತಾಗುತ್ತದೆ. ನಿಂತಾಗ ಒಂದು ಫೋಟೊ, ಮಲಗಿದಾಗ ಇನ್ನೊಂದು ತೆಗೆದರೆ ಯಾವ ಔಷಧವನ್ನಾದರೂ ಮಾರಬಹುದು.

‘ಜಿಗಣೆ ಕೆಟ್ಟ ರಕ್ತ ಹೀರುತ್ತದೆ’: ಆ ರಕ್ತ ಕೆಟ್ಟದ್ದಲ್ಲ. ಆಮ್ಲಜನಕ ಕಡಿಮೆ ಇರುವ ಮಾಮೂಲಿ ರಕ್ತ. ಒಂದಿಷ್ಟು ಹೀರಿದರೂ ಸೋರುವ ಕವಾಟದಿಂದ ಮತ್ತೆ ತುಂಬುತ್ತದೆ. ಜಿಗಣೆಯ ಕಡಿತದಿಂದ ಸೋಂಕು ತಗಲುವ ಅಪಾಯವೂ ಇದೆ.

‘ಕಾಲ ಮೇಲೆ ಕಾಲು ಹಾಕಿ ಕೂತರೆ ಬರುತ್ತದೆ’: ಇದಕ್ಕೆ ಗಟ್ಟಿ ಪುರಾವೆ ಇಲ್ಲ.

‘ಇದು ಬ್ಲಾಕ್, ನಾಳೆ ಹಾರ್ಟ್ ಅಟ್ಯಾಕ್ ಆಗುತ್ತದೆ’: ಹೃದಯಾಘಾತ ಆಗುವುದು ಹೃದಯಕ್ಕೆ ರಕ್ತ ತರುವ ಅಪಧಮನಿ ಕಟ್ಟಿಕೊಂಡಾಗ. ಇಲ್ಲಿ ಇರುವುದು ಅಭಿಧಮನಿಯ ಸೋರಿಕೆ. ಎರಡನ್ನೂ ಬೆರೆಸಿ ಹೆದರಿಸುವುದು ತಪ್ಪು.

‘ಆ ರಕ್ತನಾಳ ತೆಗೆದರೆ ಕಾಲಿಗೆ ರಕ್ತವೇ ಇರುವುದಿಲ್ಲ’: ಕಾಲಿನ ರಕ್ತದ ಬಹುಪಾಲು ಮೇಲೇರುವುದು ಸ್ನಾಯುಗಳ ಆಳದಲ್ಲಿರುವ ದೊಡ್ಡ ಅಭಿಧಮನಿಗಳಲ್ಲಿ. ಚರ್ಮದ ಕೆಳಗಿನ ಕೆಟ್ಟ ರಕ್ತನಾಳವನ್ನು ಮುಚ್ಚಿದರೆ, ರಕ್ತ ಸರಿಯಾದ ದಾರಿ ಹಿಡಿಯುತ್ತದೆ.

‘ಒಂದೇ ಸಲ ಲೇಸರ್, ಜೀವನಪೂರ್ತಿ ಚಿಂತೆ ಇಲ್ಲ’: ಇದು ಜಾಹೀರಾತಿನ ಭಾಷೆ. ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವರ್ಷಗಳ ನಂತರ ಬೇರೆ ರಕ್ತನಾಳದಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು.

ಹಾಗಾದರೆ ಏನು ಮಾಡಬೇಕು?

ಗುರಿ ಒಂದೇ: ಕಾಲಿನಲ್ಲಿ ನಿಂತ ರಕ್ತವನ್ನು ಮೇಲಕ್ಕೆ ಕಳಿಸುವುದು. ಅದಕ್ಕೆ ನೆರವಾಗುವುದೆಲ್ಲ ಉಪಯೋಗ, ಉಳಿದದ್ದು ಖರ್ಚು.

ನಡೆಯಿರಿ. ಮೀನಖಂಡವೇ ಮೋಟಾರ್. ನಿಂತೇ ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಹದಿನೈದಿಪ್ಪತ್ತು ಸಲ ಮಾಡಬಹುದು. ಕೂತೇ ಇರುವವರು ಪಾದವನ್ನು ಮೇಲೆ ಕೆಳಗೆ ಆಡಿಸಬಹುದು. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರುವುದೂ ನಿಂತಷ್ಟೇ ತೊಂದರೆ.

ಕಾಲು ಎತ್ತಿಡಿ. ಮಲಗಿ, ದಿಂಬುಗಳ ಮೇಲೆ ಕಾಲಿಟ್ಟು, ಪಾದ ಎದೆಯ ಮಟ್ಟಕ್ಕಿಂತ ಮೇಲಿರುವಂತೆ 15–30 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಸ್ಟೂಲ್ ಮೇಲೆ ಕಾಲಿಟ್ಟು ಕೂತರೆ ಸ್ವಲ್ಪ ಆರಾಮ ಸಿಗುತ್ತದೆ, ಆದರೆ ಪಾದ ಎದೆಗಿಂತ ಕೆಳಗೇ ಇರುವುದರಿಂದ ಅದು ಸಾಲದು. ಮಂಚದ ಕಾಲ ಬದಿಗೆ ಇಟ್ಟಿಗೆ ಇಟ್ಟು ಎತ್ತರ ಮಾಡುವುದು ಹಳೆಯ, ಸರಳ ಉಪಾಯ. ಹೃದಯದ ತೊಂದರೆ ಇದ್ದು, ಮಲಗಿದರೆ ಉಸಿರು ಕಟ್ಟುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ತೂಕ ಇಳಿಸಿ. ಹೊಟ್ಟೆಯ ಭಾರ ಕಾಲಿನಿಂದ ರಕ್ತ ಮರಳುವ ದಾರಿಯನ್ನು ಒತ್ತುತ್ತದೆ.

ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್. ಇವು ಪಾದದ ಗಂಟಿನ ಬಳಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ. ಊತ, ಭಾರ, ನೋವು ಕಡಿಮೆ ಮಾಡುತ್ತವೆ, ಹುಣ್ಣಾಗಿ ಮಾಯ್ದವರಲ್ಲಿ ಮತ್ತೆ ಹುಣ್ಣಾಗುವುದನ್ನು ತಡೆಯಲು ನೆರವಾಗುತ್ತವೆ. ಆದರೆ ಉಬ್ಬಿದ ರಕ್ತನಾಳವನ್ನು ಮಾಯ ಮಾಡುವುದಿಲ್ಲ. ಕಾಲು ಅಳೆಸಿ ಕೊಳ್ಳಿ. ಬೆಳಿಗ್ಗೆ ಏಳುವ ಮೊದಲೇ, ಊತ ಇಲ್ಲದಾಗ ಹಾಕಿ, ರಾತ್ರಿ ತೆಗೆಯಿರಿ. ಸುಕ್ಕು ಬಿಡಬೇಡಿ, ಮೇಲಂಚನ್ನು ಮಡಚಬೇಡಿ, ಅದು ದಾರದಂತೆ ಬಿಗಿಯುತ್ತದೆ. ಸೆಕೆಯ ಊರುಗಳಲ್ಲಿ ದಿನವಿಡೀ ಹಾಕುವುದು ಕಷ್ಟ ನಿಜ. ಮೊಣಕಾಲಿನವರೆಗಿನದು ಎಷ್ಟೋ ಜನರಿಗೆ ಸಾಕಾಗುತ್ತದೆ, ನಿಲ್ಲುವ ಕೆಲಸದ ಹೊತ್ತಿನಲ್ಲಿ ಹಾಕಿದರೂ ಉಪಯೋಗವಿದೆ.

ಒಂದು ಎಚ್ಚರಿಕೆ: ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ನಡೆದರೆ ಮೀನಖಂಡ ಹಿಡಿದು ನಿಂತರೆ ಸರಿಹೋಗುವವರು ಆನ್‌ಲೈನಿನಲ್ಲಿ ತಾವೇ ತರಿಸಿ ಹಾಕಬಾರದು. ಪಾದಕ್ಕೆ ರಕ್ತ ತರುವ ಅಪಧಮನಿಯೇ ಕಿರಿದಾಗಿದ್ದರೆ ಬಿಗಿ ಕಾಲುಚೀಲದಿಂದ ಪಾದಕ್ಕೆ ಹಾನಿಯಾಗಬಹುದು. ಪಾದದ ನಾಡಿಯನ್ನು ವೈದ್ಯರು ಮೊದಲು ನೋಡಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಡಾಪ್ಲರ್ ಸ್ಕ್ಯಾನ್. ಸೂಜಿ ಇಲ್ಲ, ನೋವಿಲ್ಲ. ಯಾವ ಕವಾಟ ಸೋರುತ್ತಿದೆ ಎಂದು ತಿಳಿಯಲು ಸಾಮಾನ್ಯವಾಗಿ ನಿಲ್ಲಿಸಿ ಪರೀಕ್ಷಿಸುತ್ತಾರೆ. ಮಲಗಿದಾಗ ಸೋರಿಕೆ ಸರಿಯಾಗಿ ಕಾಣುವುದಿಲ್ಲ.

ಚಿಕಿತ್ಸೆ ಬೇಕಾದವರಿಗೆ ಕೆಟ್ಟ ರಕ್ತನಾಳವನ್ನು ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಮುಚ್ಚುತ್ತಾರೆ. ಇನ್ನೊಂದು ವಿಧಾನ, ನೊರೆಯಂಥ ಔಷಧವನ್ನು ಚುಚ್ಚಿ ಮುಚ್ಚುವುದು. ಹಳೆಯ ವಿಧಾನದ ಆಪರೇಷನ್ ಈಗಲೂ ಇದೆ. ಶಾಖದ ಚಿಕಿತ್ಸೆಯನ್ನು ಕಾಲನ್ನಷ್ಟೇ ಮರಗಟ್ಟಿಸಿ ಮಾಡಬಹುದು, ಹೆಚ್ಚಿನವರು ಅದೇ ದಿನ ನಡೆದು ಮನೆಗೆ ಹೋಗುತ್ತಾರೆ. ಯಾವ ವಿಧಾನ ಎನ್ನುವುದು ಸ್ಕ್ಯಾನ್ ನೋಡಿ ತೀರ್ಮಾನವಾಗಬೇಕು. ಸರ್ಕಾರಿ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗದಲ್ಲಿ ತೋರಿಸಬಹುದು. ಖರ್ಚಿನ ಬಗ್ಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ‘ಆರೋಗ್ಯಮಿತ್ರ’ರನ್ನು ಅಲ್ಲಿಯೇ ಕೇಳಿ.

ನೋವಿಲ್ಲದೆ, ಊತವಿಲ್ಲದೆ, ಬರೀ ಗೆರೆ ಕಾಣುತ್ತಿದ್ದರೆ ಚಿಕಿತ್ಸೆ ಕಡ್ಡಾಯವಲ್ಲ. ಜಾಹೀರಾತು ನೋಡಿ ಅವಸರ ಮಾಡಬೇಕಿಲ್ಲ. ಚರ್ಮದ ಬಣ್ಣ ಬದಲಾಗಿದ್ದರೆ ಮಾತ್ರ ತಡ ಮಾಡಬೇಡಿ.

ಮಾಯದ ಹುಣ್ಣು

ಸೊಳ್ಳೆ ಕಚ್ಚಿದ್ದನ್ನು ಕೆರೆದದ್ದು, ಬೈಕಿನ ಸ್ಟ್ಯಾಂಡ್ ತಗುಲಿದ್ದು, ಇಷ್ಟೇ ಸಾಕು. ಒತ್ತಡದಲ್ಲಿ ಸೊರಗಿದ ಚರ್ಮ ಒಮ್ಮೆ ಒಡೆದರೆ ತಿಂಗಳುಗಟ್ಟಲೆ ಕೂಡುವುದಿಲ್ಲ. ಅರಿಶಿನ, ಕಾಫಿಪುಡಿ, ಹೊಗೆಸೊಪ್ಪು, ಕ್ಯಾಪ್ಸೂಲ್ ಒಡೆದು ಉದುರಿಸಿದ ಆಂಟಿಬಯಾಟಿಕ್ ಪುಡಿ, ಹೀಗೆ ಒಂದಾದ ಮೇಲೊಂದು ಹಾಕುತ್ತಾ ಹೋಗುತ್ತೇವೆ. ಹುಣ್ಣಿನ ಕಾರಣ ಕವಾಟದಲ್ಲಿ ಇರುವಾಗ ಹುಣ್ಣಿನ ಬಾಯಿಗೆ ಪುಡಿ ಹಾಕಿ ಫಲವಿಲ್ಲ. ಸೋಂಕು ಇಲ್ಲದಿದ್ದರೆ ಆಂಟಿಬಯಾಟಿಕ್ ಕೂಡ ಬೇಕಿಲ್ಲ.

ಜಾಗ ನೋಡಿ ಅಂದಾಜು ಮಾಡಬಹುದು. ಪಾದದ ಗಂಟಿನ ಸ್ವಲ್ಪ ಮೇಲೆ, ಹೆಚ್ಚಾಗಿ ಒಳಬದಿಯಲ್ಲಿ, ಸುತ್ತಲೂ ಕಪ್ಪು ಚರ್ಮವಿದ್ದರೆ ಅಭಿಧಮನಿಯ ಹುಣ್ಣು ಇರಬಹುದು. ಸಕ್ಕರೆ ಕಾಯಿಲೆಯ ಹುಣ್ಣು ಅಂಗಾಲಿನಲ್ಲಿ, ಬೆರಳಿನಲ್ಲಿ ಹೆಚ್ಚು, ನೋವು ಗೊತ್ತಾಗದೆಯೂ ಇರಬಹುದು. ಪಾದ ತಣ್ಣಗಾಗಿ, ಬೆರಳು ಕಪ್ಪಾಗಿ, ತಡೆಯಲಾಗದ ನೋವಿದ್ದರೆ ಅಪಧಮನಿಯ ತೊಂದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಭಿಧಮನಿಯ ಹುಣ್ಣಿಗೆ ಮುಖ್ಯ ಚಿಕಿತ್ಸೆ ಪದರ ಪದರವಾಗಿ ಸುತ್ತುವ ಬಿಗಿ ಬ್ಯಾಂಡೇಜ್. ತರಬೇತಿ ಇದ್ದವರೇ ಇದನ್ನು ಸುತ್ತಬೇಕು. ಅದರ ಜೊತೆಗೆ ಸೋರುವ ರಕ್ತನಾಳವನ್ನೂ ಸರಿಪಡಿಸಿದರೆ ಏನಾಗುತ್ತದೆ? ಬ್ರಿಟನ್ನಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಎಸ್ಕಾರ್ ಅಧ್ಯಯನದಲ್ಲಿ, ಬ್ಯಾಂಡೇಜ್ ಮಾತ್ರ ಪಡೆದವರಲ್ಲಿ ಒಂದು ವರ್ಷದೊಳಗೆ ಶೇ 28 ಜನರಿಗೆ ಹುಣ್ಣು ಮರಳಿತು. ಆಪರೇಷನ್ ಕೂಡ ಆದವರಲ್ಲಿ ಮರಳಿದ್ದು ಶೇ 12 ಜನರಿಗೆ. 2018ರಲ್ಲಿ ಪ್ರಕಟವಾದ ಇವ್ರಾ ಎಂಬ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ 450 ಜನರಿದ್ದರು. ರಕ್ತನಾಳವನ್ನು ಎರಡು ವಾರದೊಳಗೆ ಮುಚ್ಚಿಸಿಕೊಂಡ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನಗಳಲ್ಲಿ ಮಾಯಿತು. ಕಾದು ಮಾಡಿಸಿಕೊಂಡವರ ಗುಂಪಿನಲ್ಲಿ ಅದಕ್ಕೆ 82 ದಿನ ಬೇಕಾಯಿತು.

ನಡುವಿನ ಅಂತರ 26 ದಿನ. ದಿನಗೂಲಿ ಮಾಡುವವರಿಗೆ ಅದು ಹತ್ತಿರಹತ್ತಿರ ಒಂದು ತಿಂಗಳ ಸಂಪಾದನೆ. ಆದ್ದರಿಂದ ಮೊಣಕಾಲಿನ ಕೆಳಗಿನ ಯಾವುದೇ ಗಾಯ ಎರಡು ವಾರದಲ್ಲಿ ಮಾಯದಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಜ್ವರ, ಕೀವು, ಹರಡುವ ಕೆಂಪು ಇದ್ದರೆ ಅಷ್ಟೂ ಕಾಯಬೇಡಿ.

ರಕ್ತ ಚಿಮ್ಮಿದರೆ

ಚರ್ಮ ತೆಳುವಾದ ಕಡೆ ಉಬ್ಬಿದ ರಕ್ತನಾಳ ಸಣ್ಣ ಪೆಟ್ಟಿಗೂ ಒಡೆಯಬಹುದು. ರಕ್ತ ನೋವಿಲ್ಲದೆ ಚಿಮ್ಮುತ್ತದೆ, ಬಚ್ಚಲಿನಲ್ಲಿದ್ದರೆ ಗಮನಕ್ಕೇ ಬಾರದಿರಬಹುದು. ಗಾಬರಿಯಲ್ಲಿ ಕುರ್ಚಿಯ ಮೇಲೆ ಕೂತು ಕಾಲು ಇಳಿಬಿಟ್ಟರೆ ರಕ್ತಸ್ರಾವ ಹೆಚ್ಚುತ್ತದೆ. ಇದರಿಂದ ಸಾವು ಸಂಭವಿಸಿದ ಪ್ರಕರಣಗಳೂ ಇವೆ, ನಿಲ್ಲಿಸುವುದು ಮಾತ್ರ ತುಂಬ ಸುಲಭ:

1. ಇದ್ದಲ್ಲೇ ಅಂಗಾತ ಮಲಗಿ.
2. ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಗೋಡೆಗೆ ಒರಗಿಸಿದರೂ ಆದೀತು.
3. ಶುಭ್ರ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕನಿಷ್ಠ ಹತ್ತು ನಿಮಿಷ. ನಡುವೆ ತೆಗೆದು ನೋಡಬೇಡಿ.
4. ಗಾಯದ ಮೇಲ್ಗಡೆ ಹಗ್ಗ, ಟವೆಲ್ ಕಟ್ಟಬೇಡಿ. ರಕ್ತ ಮೇಲೆ ಹೋಗುವ ದಾರಿ ಮುಚ್ಚಿ ಸ್ರಾವ ಹೆಚ್ಚುತ್ತದೆ.
5. 108ಕ್ಕೆ ಕರೆ ಮಾಡಿ. ನಿಂತರೂ ಆಮೇಲೆ ವೈದ್ಯರಿಗೆ ತೋರಿಸಿ, ಮತ್ತೆ ಒಡೆಯಬಹುದು.

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ

ಕಾಲಿನಲ್ಲಿ ಉಬ್ಬಿರುವುದು ನರ ಅಲ್ಲ, ಕವಾಟ ಸೋರುವ ರಕ್ತನಾಳ. ಎಣ್ಣೆ, ವಿನೆಗರ್, ಜಿಗಣೆಯಿಂದ ಅದು ಸರಿಹೋಗುವುದಿಲ್ಲ. ನಡೆಯಿರಿ, ಮಲಗಿದಾಗ ಕಾಲು ಎದೆಗಿಂತ ಮೇಲೆ ಇಡಿ. ಬಿಗಿ ಕಾಲುಚೀಲವನ್ನು ವೈದ್ಯರನ್ನು ಕೇಳಿ, ಅಳತೆ ಕೊಟ್ಟು ಕೊಳ್ಳಿ. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ತುರಿಸಿದರೆ, ಗಾಯ ಎರಡು ವಾರದಲ್ಲಿ ಮಾಯದಿದ್ದರೆ ಡಾಪ್ಲರ್ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೆ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಚಿಮ್ಮಿದರೆ ಮಲಗಿ, ಕಾಲು ಎತ್ತಿ, ಒತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿ.